ಬೀಳುವವರು ನಾವು, ಮೂತಿ ಒಡೆದುಕೊಳ್ಳುವುದು ಬೋರ್ಡು

ವಿಂಡ್‌ಸರ್ಫಿಂಗ್ ಎಂದರೆ ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟ. ಅದನ್ನು ಆಡುವವರೆಲ್ಲರೂ ಹೆದರುವ ಒಂದು ಸದ್ದಿದೆ. ಗಾಳಿ ಹದವಾಗಿ ಬೀಸುತ್ತಿರುತ್ತದೆ, ಬೋರ್ಡು ನೀರಿನ ಮೇಲೆ ಜಾರುತ್ತಿರುತ್ತದೆ, ಮೈಭಾರವೆಲ್ಲ ಸೊಂಟಕ್ಕೆ ಕಟ್ಟಿದ ಹಾರ್ನೆಸ್ ಎಂಬ ಪಟ್ಟಿಯ ಕೊಕ್ಕೆಗೆ ತೂಗುಬಿದ್ದಿರುತ್ತದೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಬಿರುಗಾಳಿಯ ಬೀಸು. ಕಾಲು ಬೋರ್ಡನ್ನು ಬಿಟ್ಟು ಮೇಲೇಳುತ್ತದೆ, ಹಾಯಿ ಮುಂದಕ್ಕೆ ಮಗುಚುತ್ತದೆ, ಅದರ ಬೆನ್ನಿಗೇ ನೀವು ಕವಣೆಯ ಕಲ್ಲಿನಂತೆ ಹಾರುತ್ತೀರಿ. ನೀರು ತಾಗುವ ಮೊದಲೇ ಕಿವಿಗೆ ತಾಗುತ್ತದೆ ಆ ಸದ್ದು: ಒಣಗಿದ ಸೋರೆಬುರುಡೆಯನ್ನು ಕಲ್ಲಿಗೆ ಕುಟ್ಟಿದಂತೆ ಒಂದೇ ಒಂದು ‘ಟೊಕ್’. ನೀರಿನಿಂದ ತಲೆ ಎತ್ತಿದವರು ಮೊದಲು ನೋಡುವುದು ತಮ್ಮ ಮೊಣಕಾಲನ್ನಲ್ಲ, ಬೋರ್ಡಿನ ಮೂತಿಯನ್ನು.

ನನ್ನ ಬೋರ್ಡಿಗೆ ಮೊದಲ ಸಲ ಹೀಗಾದಾಗ ಮೂತಿಯ ಎಡ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಬಾಗಿದ ಗೆರೆ ಮೂಡಿತ್ತು. ಬಣ್ಣ ಸೀಳಿದೆ ಅಷ್ಟೇ ಎಂದುಕೊಂಡು ಸಂಜೆಯವರೆಗೆ ಓಡಿಸಿದೆ. ಆ ಸಂಜೆಗೆ ತೆತ್ತ ದಂಡದ ಲೆಕ್ಕವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು, ಇಷ್ಟು ದೊಡ್ಡ ಬೋರ್ಡಿನಲ್ಲಿ ಏಟು ಯಾವಾಗಲೂ ಅದೇ ಜಾಗಕ್ಕೆ ಏಕೆ ಬೀಳುತ್ತದೆ ಎಂಬುದನ್ನು ನೋಡೋಣ. ಬೋರ್ಡನ್ನು ಕಾಪಾಡುವ ಉಪಾಯವೆಲ್ಲ ಆ ಪ್ರಶ್ನೆಯಲ್ಲೇ ಇದೆ.

ಕೀಲು ಮಾಡಿದ ಕಿತಾಪತಿ

ಸಾಮಾನ್ಯ ಹಾಯಿದೋಣಿಯಲ್ಲಿ ಕಂಬ ಅಲುಗದಂತೆ ನಿಂತಿರುತ್ತದೆ. ವಿಂಡ್‌ಸರ್ಫಿಂಗ್ ಹುಟ್ಟಿದ್ದು ಆ ಕಂಬವನ್ನು ಬುಡದಲ್ಲಿ ಸಡಿಲಗೊಳಿಸಿದ್ದರಿಂದ. 1968ರಲ್ಲಿ ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಪೇಟೆಂಟಿಗೆ ಅರ್ಜಿ ಹಾಕಿದ ವಿನ್ಯಾಸದ ಜೀವಾಳವೇ ಈ ಕೀಲು. ಕಂಬ ಎಲ್ಲ ದಿಕ್ಕಿಗೂ ವಾಲುತ್ತದೆ. ಚುಕ್ಕಾಣಿಯೇ ಬೇಡ, ಹಾಯಿಯನ್ನು ಹಿಂದೆ ಮುಂದೆ ವಾಲಿಸಿಯೇ ದಿಕ್ಕು ಬದಲಿಸಬಹುದು. ಆದರೆ ಎಲ್ಲ ದಿಕ್ಕಿಗೂ ವಾಲುವ ಕಂಬ ಕೈಬಿಟ್ಟರೆ ಎಲ್ಲ ದಿಕ್ಕಿಗೂ ಬೀಳುತ್ತದೆ. ಮುಂದಕ್ಕೆ ಬಿದ್ದರೆ ಅದರ ದಾರಿಯಲ್ಲಿ ಇರುವುದು ಬೋರ್ಡಿನ ಮೂತಿಯೊಂದೇ.

ಆರಂಭದ ಕಾಲದಲ್ಲಿ ಇದು ದೊಡ್ಡ ತೊಂದರೆಯಾಗಿರಲಿಲ್ಲ. ಆಗ ಹೆಚ್ಚು ಮಾರಾಟವಾದ ಬೋರ್ಡುಗಳ ಹೊರಮೈ ದಪ್ಪ ಪಾಲಿಥೀನಿನದು. ಭಾರ ಹೌದು, ಏಟು ತಿಂದರೆ ತಗ್ಗು ಬೀಳುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಆಮೇಲೆ ವೇಗದ ಆಸೆಗೆ ಬೋರ್ಡು ಹಗುರವಾಯಿತು, ಹಾರ್ನೆಸ್ ಬಂದು ಸವಾರನ ಪೂರ್ತಿ ತೂಕ ಬೂಮಿಗೆ, ಅಂದರೆ ಹಾಯಿಯ ಅಡ್ಡಕೋಲಿಗೆ, ನೇತುಬಿದ್ದಿತು. ಹಗುರವಾದ ಚಿಪ್ಪು, ಭಾರವಾದ ಏಟು. ಎರಡೂ ಒಟ್ಟಿಗೆ ಬಂದದ್ದರಿಂದ ಮೂತಿಗೆ ಗ್ರಹಚಾರ ತಗುಲಿಕೊಂಡಿತು.

ಹಾಯಿ, ಕಂಬ, ಬೂಮ್ ಮೂರೂ ಸೇರಿದ್ದಕ್ಕೆ ರಿಗ್ ಎನ್ನುತ್ತಾರೆ. ಒಣಗಿದ್ದಾಗ ಅದರ ತೂಕ ಸಾಮಾನ್ಯವಾಗಿ 8ರಿಂದ 11 ಕೆಜಿ. ಬೂಮ್ ಎಂದರೆ ನಾವು ಹಿಡಿದುಕೊಳ್ಳುವ ಬಾಗಿದ ಅಡ್ಡಕೋಲು. ಅದನ್ನು ಕಂಬಕ್ಕೆ ಕಚ್ಚಿ ಹಿಡಿಯುವ ಗಟ್ಟಿ ಪ್ಲಾಸ್ಟಿಕ್ ಬುರುಡೆಯೇ ಬೂಮಿನ ತಲೆ. ಈ ತಲೆ ಕಂಬಕ್ಕಿಂತ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅಂದರೆ ಹಿಡಿ, ತಲೆ, ತಿರುಗಣೆ ಎಲ್ಲವೂ ಇರುವ ಒಂದು ಸುತ್ತಿಗೆಯನ್ನು ಬೋರ್ಡಿನ ಮೇಲೆಯೇ ನಿಲ್ಲಿಸಿಕೊಂಡು ನಾವು ಓಡಾಡುತ್ತೇವೆ.

ಬುಡ ಕೀಲಿಗೆ ಕಟ್ಟಿಹಾಕಿದ ಸುತ್ತಿಗೆಯಾದ್ದರಿಂದ ಅದು ಎಲ್ಲೆಂದರಲ್ಲಿ ಬೀಳಲಾರದು. ಕೈವಾರದ ಮುಳ್ಳು ವೃತ್ತ ಎಳೆದಂತೆ ಬೂಮಿನ ತಲೆ ಬೀಳುವುದು ಕೀಲಿನಿಂದ ಒಂದೇ ದೂರದಲ್ಲಿ. ಈ ದೂರವನ್ನು ಅಳತೆಪಟ್ಟಿಯಿಂದ ಅಳೆಯಬಹುದು. ಆದರೂ ಬಹಳ ಮಂದಿ ಅಳೆಯದೆಯೇ ರಕ್ಷಣೆಯ ಪಟ್ಟಿ ತಂದು ಎಲ್ಲೋ ಅಂಟಿಸಿಬಿಡುತ್ತಾರೆ. ಹಣೆಗೆ ಬೀಳುವ ಏಟಿಗೆ ಮೊಣಕಾಲಿಗೆ ಪಟ್ಟಿ ಕಟ್ಟಿದ ಹಾಗೆ.

ಒಂದು ಅಳತೆಪಟ್ಟಿ, ಒಂದು ಸೀಮೆಸುಣ್ಣ

ಹುಲ್ಲಿನ ಮೇಲೆ ಬೋರ್ಡನ್ನು ಇಟ್ಟು, ನೀರಿಗೆ ಇಳಿಯುವಾಗ ಹೇಗೆ ಜೋಡಿಸುತ್ತೀರೋ ಹಾಗೆಯೇ ರಿಗ್ ಜೋಡಿಸಿ. ಕಂಬದ ಬುಡ ಎಂದಿನ ಜಾಗದಲ್ಲೇ ಇರಲಿ, ಬೂಮ್ ಎಂದಿನ ಎತ್ತರದಲ್ಲೇ ಇರಲಿ. ಕೀಲಿನಿಂದ ಮೂತಿಯ ತುದಿಗೆ ಎಷ್ಟು, ಕೀಲಿನಿಂದ ಬೂಮಿನ ತಲೆಗೆ ಎಷ್ಟು ಎಂದು ಅಳೆದು ಬರೆದುಕೊಳ್ಳಿ. ಎರಡು ಮೀಟರಿಗಿಂತ ತುಸು ಉದ್ದದ ಈಗಿನ ಬೋರ್ಡುಗಳಲ್ಲಿ ಮೊದಲನೆಯದು ಒಂದು ಮೀಟರಿನ ಆಸುಪಾಸಿನಲ್ಲಿರುತ್ತದೆ. ಭುಜದ ಮಟ್ಟಕ್ಕೆ ಬೂಮ್ ಕಟ್ಟುವವರಿಗೆ ಎರಡನೆಯದು ಒಂದೂಕಾಲರಿಂದ ಒಂದೂವರೆ ಮೀಟರ್.

ಬೂಮಿನ ದೂರ ಮೂತಿಯ ದೂರಕ್ಕಿಂತ ಚೆನ್ನಾಗಿ ಹೆಚ್ಚಿದ್ದರೆ ಬೂಮಿನ ತಲೆ ಮೂತಿಯನ್ನು ದಾಟಿ ನೀರಿಗೆ ಬೀಳುತ್ತದೆ. ಮೂತಿಯ ಅಂಚಿಗೆ ತಾಗುವುದು ಬೂಮಿಗಿಂತ ಕೆಳಗಿನ ಕಂಬದ ಭಾಗ. ಆ ಏಟಿಗೆ ಬೋರ್ಡಿನ ಜೊತೆ ಕಾರ್ಬನ್ ಕಂಬವೂ ಸೀಳಬಹುದು. 48 ಮಿಲಿಮೀಟರ್ ಅಡ್ಡಗಲದ ಹಳೆಯ ಮಾದರಿಯ ಕಂಬಗಳಿಗೆ ಈ ಭಯ ಹೆಚ್ಚು. 32 ಮಿಲಿಮೀಟರಿನ ಸಣ್ಣ ಕಂಬಗಳ ಗೋಡೆ ದಪ್ಪ, ಅವು ಏಟಿಗೆ ಗಟ್ಟಿ. ಎರಡೂ ದೂರ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಪರಿಸ್ಥಿತಿ ಅತ್ಯಂತ ಕೆಟ್ಟದು: ಬೂಮಿನ ತಲೆ ನೇರ ಮೂತಿಯ ಮೇಲೆ. ಕಲಿಯುವವರ ಉದ್ದನೆಯ ಬೋರ್ಡುಗಳಲ್ಲಿ ಬೂಮಿನ ತಲೆ ಮೂತಿಗಿಂತ ಹಿಂದೆ, ಮೇಲ್ಮೈಯ ಮೇಲೆಯೇ ಬೀಳುತ್ತದೆ.

ಇನ್ನು ಸೀಮೆಸುಣ್ಣದ ಸರದಿ. ಬೂಮಿನ ತಲೆಗೂ ಕಂಬದ ಮುಂಭಾಗಕ್ಕೂ ಸೀಮೆಸುಣ್ಣ ಸವರಿ, ಇನ್ನೊಬ್ಬರ ಸಹಾಯದಿಂದ ರಿಗ್ಗನ್ನು ಮೆಲ್ಲಗೆ, ಕೈಬಿಡದೆ, ಮುಂದಕ್ಕೆ ಇಳಿಸಿ. ಒಮ್ಮೆ ನೇರ, ಒಮ್ಮೆ ಎಡಕ್ಕೆ ವಾಲಿಸಿ, ಒಮ್ಮೆ ಬಲಕ್ಕೆ. ಬೋರ್ಡಿನ ಮೇಲೆ ಮೂಡಿದ ಬಿಳಿ ಗುರುತುಗಳೇ ನಿಮ್ಮ ನಕ್ಷೆ. ನೇರ ಮೂತಿಯ ತುದಿಯಲ್ಲಿ ಗುರುತು ಬೀಳುವುದು ಕಡಿಮೆ, ಅದರ ಎರಡೂ ಬದಿಯ ಅಂಚುಗಳಲ್ಲಿ ಹೆಚ್ಚು. ಏಕೆಂದರೆ ಕವಣೆ ಏಟಿನಲ್ಲಿ, ಅಂದರೆ ಬೀಸಿಗೆ ಸಿಕ್ಕಿ ಸವಾರ ಮುಂದಕ್ಕೆ ಹಾರಿಬೀಳುವಾಗ, ರಿಗ್ ಓರೆಯಾಗಿ ಬೀಳುತ್ತದೆ. ಒಂದು ದಿಕ್ಕಿಗೆ ಓಡುವಾಗ ಒಂದು ಬದಿ, ತಿರುಗಿ ಬರುವಾಗ ಇನ್ನೊಂದು. ಅಂಗಡಿಯಲ್ಲಿ ಸಿಗುವ ಎಷ್ಟೋ ಮೂತಿಕವಚಗಳು ತುದಿಯನ್ನು ಚೆನ್ನಾಗಿ ಮುಚ್ಚಿ ಈ ಬದಿಗಳನ್ನು ಬಯಲಿಗೆ ಬಿಟ್ಟಿರುತ್ತವೆ.

ಪರೀಕ್ಷೆ ಮಾಡುವಾಗ ರಿಗ್ಗನ್ನು ಕೈಬಿಡಬೇಡಿ ಎಂದದ್ದಕ್ಕೆ ಕಾರಣವಿದೆ. ನೀರಿನ ಮೇಲೆ ಏಟು ಬಿದ್ದರೆ ಮೂತಿ ಕೆಳಗೆ ಮುಳುಗಿ ಅರ್ಧ ಏಟನ್ನು ತಪ್ಪಿಸಿಕೊಳ್ಳುತ್ತದೆ. ನೆಲದ ಮೇಲೆ ಅದಕ್ಕೆ ಹೋಗಲು ಜಾಗವಿಲ್ಲ. ದಡದಲ್ಲಿ ಗಾಳಿಗೆ ಮಗುಚಿದ ರಿಗ್ಗಿನಿಂದ ಒಡೆದ ಬೋರ್ಡುಗಳನ್ನು ನೋಡಿದರೆ ನೀರೇ ವಾಸಿ ಎನಿಸುತ್ತದೆ.

ಅಳತೆ ಸಿಕ್ಕಿದ ಮೇಲೆ ಖರ್ಚಿಲ್ಲದ ಒಂದು ದಾರಿ ತೆರೆದುಕೊಳ್ಳುತ್ತದೆ. ಬೂಮಿನ ತಲೆ ಮೂತಿಯ ಮೇಲೆಯೇ ಬೀಳುತ್ತಿದ್ದರೆ ಬೂಮನ್ನು ಮೂರು ನಾಲ್ಕು ಸೆಂಟಿಮೀಟರ್ ಏರಿಸಿ, ಇಲ್ಲವೇ ಕಂಬದ ಬುಡವನ್ನು ಬೋರ್ಡಿನಲ್ಲಿ ಅದು ಕೂರುವ ಸೀಳಿನಲ್ಲಿ ಎರಡು ಸೆಂಟಿಮೀಟರ್ ಮುಂದೆ ಸರಿಸಿ. ತಲೆ ಮೂತಿಯನ್ನು ದಾಟಿ ಹೋದರೂ ಹೋಗಬಹುದು. ಆದರೆ ಇದನ್ನು ಅತಿ ಮಾಡಿದರೆ ಬೋರ್ಡು ಓಡುವ ರೀತಿಯೇ ಕೆಡುತ್ತದೆ. ಬೋರ್ಡನ್ನು ಉಳಿಸಲು ಹೋಗಿ ಓಡಿಸುವ ಸುಖವನ್ನೇ ಕಳೆದುಕೊಂಡರೆ ಏನು ಬಂತು?

ಥರ್ಮೋಕೋಲಿನ ಮೇಲೊಂದು ಮೊಟ್ಟೆಚಿಪ್ಪು

ಈಗಿನ ಬೋರ್ಡಿನ ಒಳಗೆ ಇರುವುದು ಬಹುಪಾಲು ಗಾಳಿ. ಟಿವಿ ಪೆಟ್ಟಿಗೆಯೊಳಗೆ ಬರುತ್ತದಲ್ಲ, ಅದೇ ಜಾತಿಯ ಥರ್ಮೋಕೋಲು. ಒಂದು ಘನ ಮೀಟರಿಗೆ ಹದಿನೈದು ಇಪ್ಪತ್ತು ಕೆಜಿ ತೂಗುವಷ್ಟು ಹಗುರ. ಅದರ ಮೇಲೆ ಗಾಜಿನ ನಾರಿನ ಬಟ್ಟೆಯ ತೆಳುಪದರ, ಅದರ ಮೇಲೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಗಟ್ಟಿ ಪಿವಿಸಿ ಫೋಮು, ಅದರ ಮೇಲೆ ಮತ್ತೆ ಗಾಜಿನ ನಾರು ಅಥವಾ ಕಾರ್ಬನ್ ನಾರು. ಎಲ್ಲವನ್ನೂ ಎಪಾಕ್ಸಿ ಅಂಟಿನಲ್ಲಿ ತೋಯಿಸಿ, ನಿರ್ವಾತದಲ್ಲಿ ಒತ್ತಿ ಕೂಡಿಸಿರುತ್ತಾರೆ. ಎಲ್ಲದರ ಮೇಲೆ ಬಣ್ಣ.

ಈ ಪದರಗಳ ತಾಳಿಕೆಯಲ್ಲಿ ಅಜಗಜಾಂತರವಿದೆ. ಒಳಗಿನ ಥರ್ಮೋಕೋಲನ್ನು ಒತ್ತಿದರೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಭಾರವನ್ನೂ ಅದು ತಾಳಲಾರದು. ಪಿವಿಸಿ ಫೋಮು ಅದರ ಹತ್ತು ಪಟ್ಟಿಗೂ ಹೆಚ್ಚು ತಾಳುತ್ತದೆ. ಹೊರಗಿನ ನಾರಿನ ಪದರ ಏಟನ್ನು ಅಗಲಕ್ಕೆ ಹಂಚಿ ಕೆಳಕ್ಕೆ ಕಳಿಸುತ್ತದೆ. ಏಟು ಚೂಪಾಗಿದ್ದರೆ ಹಂಚಲು ಆಗುವುದಿಲ್ಲ. ನಾರು ಹರಿಯುತ್ತದೆ, ಪಿವಿಸಿ ಕುಸಿಯುತ್ತದೆ, ಥರ್ಮೋಕೋಲಿನಲ್ಲಿ ತಗ್ಗು ಬೀಳುತ್ತದೆ. ಕೆಲವೊಮ್ಮೆ ಹೊರಪದರ ಸ್ಪ್ರಿಂಗಿನಂತೆ ಹಿಂದಕ್ಕೆ ಬಂದು ಏನೂ ಆಗದವರ ಹಾಗೆ ಕುಳಿತುಬಿಡುತ್ತದೆ, ಒಳಗೆ ಮಾತ್ರ ಪೊಳ್ಳು. ಮುಟ್ಟಿ ನೋಡದವರಿಗೆ ಇದು ಗೊತ್ತೇ ಆಗುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಬೀಳುವ ರಿಗ್ಗಿನಲ್ಲಿ ಮೂತಿಯ ಪಾಲಿಗೆ ಬರುವುದು 5 ಕೆಜಿ ಎಂದೂ, ಅದರ ವೇಗ ಸೆಕೆಂಡಿಗೆ 4 ಮೀಟರ್ ಎಂದೂ ಇಟ್ಟುಕೊಳ್ಳಿ. ಅದರ ಶಕ್ತಿ 40 ಜೂಲ್. ಗಟ್ಟಿ ಪ್ಲಾಸ್ಟಿಕ್ ಗಟ್ಟಿ ಚಿಪ್ಪಿಗೆ ಬಡಿದು 2 ಮಿಲಿಮೀಟರಿನಲ್ಲಿ ನಿಂತರೆ ಸರಾಸರಿ ಬಲ 20,000 ನ್ಯೂಟನ್, ಅಂದರೆ ಎರಡು ಟನ್ ಭಾರವನ್ನು ಹೇರಿದಷ್ಟು. ಅದೇ ಏಟು ನಡುವೆ ಇರುವ ಫೋಮನ್ನು ಅದುಮುತ್ತಾ 20 ಮಿಲಿಮೀಟರ್ ಸಾಗಿ ನಿಂತರೆ ಬಲ ಹತ್ತನೇ ಒಂದಕ್ಕೆ ಇಳಿದು 2,000 ನ್ಯೂಟನ್ ಆಗುತ್ತದೆ. ಆ ಬಲ ಕಾಸಿನಗಲದ ಜಾಗದ ಬದಲು ಅಂಗೈಯಗಲಕ್ಕೆ ಹರಡಿದರೆ ಚಿಪ್ಪಿನ ಪ್ರತಿ ಚದರ ಸೆಂಟಿಮೀಟರಿಗೆ ಬರುವ ಒತ್ತಡ ಇನ್ನೂ ಹತ್ತಿಪ್ಪತ್ತು ಪಟ್ಟು ಇಳಿಯುತ್ತದೆ. ಏಟನ್ನು ನಿಧಾನ ಮಾಡು, ಏಟನ್ನು ಅಗಲ ಮಾಡು. ಯಾವ ಕವಚವೇ ಆದರೂ ಮಾಡಬೇಕಾದ ಕೆಲಸ ಇವೆರಡೇ. ಮಿಕ್ಕದ್ದೆಲ್ಲ ಬಣ್ಣ, ಬೆಡಗು, ಕಂಪನಿಯ ಹೆಸರು.

ಕವಚ ಬೂಮಿಗೋ, ಮೂತಿಗೋ?

ಸುತ್ತಿಗೆಗೆ ಬಟ್ಟೆ ಸುತ್ತಬಹುದು, ಇಲ್ಲವೇ ಮೊಳೆಗೆ ಟೋಪಿ ಹಾಕಬಹುದು. ಬೂಮಿನ ತಲೆಗೆ ಮೆತ್ತೆ ಕಟ್ಟುವುದರಲ್ಲಿ ಒಂದು ಅನುಕೂಲವಿದೆ: ಒಂದೇ ಬೂಮನ್ನು ಎರಡು ಮೂರು ಬೋರ್ಡುಗಳಿಗೆ ಬಳಸುವವರಿಗೆ ಒಂದೇ ಮೆತ್ತೆ ಸಾಕು. ಈಜುಕೊಳದಲ್ಲಿ ಮಕ್ಕಳು ಹಿಡಿದು ತೇಲುವ ಉದ್ದನೆಯ ಫೋಮ್ ಕೊಳವೆಯನ್ನು ಉದ್ದಕ್ಕೆ ಸೀಳಿ ಬೂಮಿನ ತಲೆಯ ಕೆಳಗಡೆ ಕಂಬದ ಮುಂಭಾಗಕ್ಕೆ ಕಟ್ಟಿದರೂ ನಡೆಯುತ್ತದೆ. ಬೂಮಿನ ಬೀಗದ ಹಿಡಿಕೆ ಮಾತ್ರ ಅದರಡಿ ಸಿಕ್ಕಿಕೊಳ್ಳಬಾರದು. ನೀರಿನ ನಡುವೆ ಬೂಮ್ ಜಾರಿದಾಗ ಆ ಹಿಡಿಕೆ ಕೈಗೆ ಸಿಗಬೇಕು. ಸೀಮೆಸುಣ್ಣದ ಗುರುತು ಕಂಬದಿಂದ ಬಿದ್ದಿದೆ, ಬೂಮಿನ ತಲೆಯಿಂದಲ್ಲ ಎಂದಾದರೆ ಈ ಮೆತ್ತೆ ಇದ್ದೂ ಇಲ್ಲದಂತೆ. ಆಗ ಬೇಕಾದದ್ದು ಮೂತಿಯ ಕವಚ.

ಮೂತಿಯ ಕವಚಕ್ಕೆ ಫೋಮು ಆರಿಸುವಾಗ ಕಣ್ಣಿಗಿಂತ ಬೆರಳನ್ನು ನಂಬಬೇಕು. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬಲವಾಗಿ ಹಿಚುಕಿ. ಎರಡು ಬೆರಳೂ ಒಂದಕ್ಕೊಂದು ತಾಗಿದಂತೆ ಅನಿಸಿದರೆ ಅದು ದಿಂಬಿಗೆ ಸರಿ, ಬೋರ್ಡಿಗಲ್ಲ. ಏಟಿನ ಮೊದಲ ಕ್ಷಣದಲ್ಲೇ ಪೂರ್ತಿ ಅದುಮಿಕೊಂಡು, ಆಮೇಲೆ ಇದ್ದೂ ಉಪಯೋಗವಿಲ್ಲ. ಹಿಚುಕಲಿಕ್ಕೇ ಆಗದಿದ್ದರೆ ಅದು ಇನ್ನೊಂದು ಚಿಪ್ಪು ಅಷ್ಟೇ. ಅರ್ಧಕ್ಕೆ ಇಳಿದು ಅಲ್ಲಿ ತಡೆದು ನಿಲ್ಲುವಂಥದ್ದು ಬೇಕು. ಚಪ್ಪಲಿಯ ಅಟ್ಟೆಗೆ ಬಳಸುವ ಇವಿಎ ಫೋಮು ಈ ಗುಣದ್ದು. ಅದರ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ನೀರನ್ನೂ ಹೀರುವುದಿಲ್ಲ. ಸ್ಪಂಜಿನ ಜಾತಿಯ ಫೋಮಾದರೆ ನೀರು ಕುಡಿದು ಮೂತಿಯಲ್ಲಿ ಒದ್ದೆ ದಿಂಬಿನಂತೆ ತೂಗುತ್ತದೆ.

ನನ್ನ ಬೋರ್ಡಿಗೆ ಈಗ ಇರುವುದು ಕೈಯಾರೆ ಮಾಡಿಕೊಂಡದ್ದು. ಒಂದೂವರೆ ಸೆಂಟಿಮೀಟರ್ ದಪ್ಪದ ಇವಿಎ, ಅದರ ಮೇಲೆ ಎಣ್ಣೆ ಡಬ್ಬಿಯಿಂದ ಕತ್ತರಿಸಿದ ತೆಳು ಪ್ಲಾಸ್ಟಿಕ್ ಹಾಳೆ. ಹಾಳೆ ಏಟನ್ನು ಅಗಲಿಸುತ್ತದೆ, ಫೋಮು ನಿಧಾನಿಸುತ್ತದೆ. ಮೊದಲ ಸಲ ಹಾಳೆಯನ್ನು ಮೂಲೆಗಳಿರುವಂತೆ ಕತ್ತರಿಸಿದ್ದೆ. ಮೂರನೇ ದಿನವೇ ನೀರಿನ ರಭಸಕ್ಕೆ ಮುಂದಿನ ಮೂಲೆ ಎದ್ದು, ಓಡುವಾಗಲೆಲ್ಲ ಪಟಪಟ ಬಡಿದುಕೊಳ್ಳುತ್ತಿತ್ತು. ಈಗ ಮೂಲೆಗಳೆಲ್ಲ ದುಂಡಗೆ, ಮುಂದಿನ ಅಂಚು ಓರೆಗೆ ಕೆತ್ತಿ ತೆಳುವಾಗಿದೆ. ಅಂಚಿನ ಮೇಲಿಂದ ಬದಿಗೆ ಎರಡು ಬೆರಳಗಲ ಇಳಿದುಬರುವಂತೆ ಬಾಗಿಸಿದ್ದೇನೆ, ಏಕೆಂದರೆ ಓರೆ ಏಟು ಅಲ್ಲಿಗೇ. ನೋಡಲು ಚೆಲುವಾಗಿಲ್ಲ. ಮೂತಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಬಾತುಕೋಳಿಯಂತಿದೆ.

ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಚಪ್ಪಲಿಗೆ, ರಬ್ಬರಿಗೆ ಬಳಸುವ ಘಾಟುವಾಸನೆಯ ಅಂಟುಗಳಲ್ಲಿ ದ್ರಾವಕಗಳಿರುತ್ತವೆ. ಗಟ್ಟಿ ಎಪಾಕ್ಸಿ ಚಿಪ್ಪಿನ ಮೇಲೆ ಅದರಿಂದ ಅಪಾಯವಿಲ್ಲ. ಆದರೆ ಕಣ್ಣಿಗೆ ಕಾಣದ ಕೂದಲೆಳೆ ಬಿರುಕೊಂದು ಇದ್ದು ಅದರ ಮೂಲಕ ದ್ರಾವಕ ಒಳಗಿಳಿದರೆ ಥರ್ಮೋಕೋಲು ಬಿಸಿನೀರಿಗೆ ಬಿದ್ದ ಬೆಲ್ಲದಂತೆ ಕರಗುತ್ತದೆ. ಎರಡು ಬದಿಯ ಅಂಟುಪಟ್ಟಿ ಅಥವಾ ವೆಲ್ಕ್ರೋ ಪಟ್ಟಿ ಸಾಕು. ವೆಲ್ಕ್ರೋ ನನಗೆ ಇಷ್ಟವಾಗಲು ಇನ್ನೊಂದು ಕಾರಣ, ಅದು ಬಿಚ್ಚಿ ಬರುತ್ತದೆ. ಕವಚದ ದೊಡ್ಡ ದೋಷವೆಂದರೆ ಅದು ಗಾಯವನ್ನು ಮುಚ್ಚಿಡುತ್ತದೆ. ಅಡಿಯಲ್ಲಿ ಬಿರುಕು ಬಿಟ್ಟು ವಾರಗಟ್ಟಲೆ ನೀರು ಇಳಿದರೂ ಮೇಲಿನಿಂದ ಗೊತ್ತಾಗದು. ಜೋರಾಗಿ ಬಿದ್ದ ದಿನ ಬಿಚ್ಚಿ ನೋಡಲು ಆಗಬೇಕು.

ಕಂಬದ ಬುಡದ ಸುತ್ತ ಕಟ್ಟುವ ದಪ್ಪ ಮೆತ್ತೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಕಂಬವನ್ನು ಅಡ್ಡಗಟ್ಟಿ ಮೂತಿಯನ್ನು ಉಳಿಸುತ್ತದೆ ಎಂದುಕೊಳ್ಳುವವರಿದ್ದಾರೆ. ಅದರ ಕೆಲಸ ಬುಡದ ಲೋಹ ಬೋರ್ಡಿಗೂ ನಿಮ್ಮ ಕಾಲ್ಬೆರಳಿಗೂ ತಾಗದಂತೆ ನೋಡಿಕೊಳ್ಳುವುದು ಮಾತ್ರ. ಮೂತಿ ಉಳಿಯಲಿ ಎಂದು ಅಲ್ಲಿ ಗಟ್ಟಿಯಾದ ಅಡ್ಡವೊಂದನ್ನು ಇಟ್ಟರೆ ಅದು ಸನ್ನೆಕೋಲಿನ ಆನಿಕೆಯಾಗುತ್ತದೆ. ಕೀಲಿನಿಂದ 15 ಸೆಂಟಿಮೀಟರ್ ದೂರದ ಆನಿಕೆ, 140 ಸೆಂಟಿಮೀಟರ್ ದೂರದ ಬೂಮಿಗೆ ನೇತುಬಿದ್ದ ನೀವು: ಆನಿಕೆಯ ಮೇಲೆ ಒಂಬತ್ತು ಪಟ್ಟು ಬಲ. ಅಷ್ಟು ಬಲಕ್ಕೆ ಕೀಲು ಹರಿಯಬೇಕು, ಇಲ್ಲವೇ ಕಂಬ ಕೂರುವ ಸೀಳೇ ಬೋರ್ಡಿನಿಂದ ಕಿತ್ತುಬರಬೇಕು. ಮೂತಿಯ ಗಾಯವನ್ನು ಮನೆಯಲ್ಲೇ ವಾಸಿ ಮಾಡಬಹುದು, ಸೀಳು ಕಿತ್ತ ಬೋರ್ಡನ್ನು ಮನೆಯಲ್ಲಿ ಸರಿಮಾಡುವುದು ಕಷ್ಟ.

ಬೀಳುವ ಮೊದಲಿನ ಅರ್ಧ ಸೆಕೆಂಡು

ಎಲ್ಲಕ್ಕಿಂತ ಒಳ್ಳೆಯ ಕವಚ ಹಿಂಗೈ, ಅಂದರೆ ಬೂಮನ್ನು ಹಿಂದುಗಡೆ ಹಿಡಿದ ಕೈ. ಬೀಸು ಬಂದದ್ದು ಗೊತ್ತಾದ ಕೂಡಲೇ ಮೊಣಕಾಲು ಮಡಿಸಿ, ಕುರ್ಚಿಯಲ್ಲಿ ಕೂರುವಂತೆ ಸೊಂಟ ಇಳಿಸಿ, ಹಿಂಗೈಯನ್ನು ಸಡಿಲಿಸಿ ಬೂಮಿನ ಹಿಂತುದಿ ದೂರ ಹೋಗಲು ಬಿಟ್ಟರೆ ಹಾಯಿಯೊಳಗಿನ ಗಾಳಿ ಸೋರಿಹೋಗುತ್ತದೆ. ಬಹುಪಾಲು ಕವಣೆ ಏಟುಗಳು ಅಲ್ಲಿಗೇ ಮುಗಿಯುತ್ತವೆ. ಹೊಸಬರ ಕೈ ಮಾತ್ರ ಹೆದರಿಕೆಯಲ್ಲಿ ಬೂಮನ್ನು ಇನ್ನೂ ಬಿಗಿಯಾಗಿ ತನ್ನತ್ತ ಎಳೆದುಕೊಳ್ಳುತ್ತದೆ. ಹಾಯಿ ಇನ್ನಷ್ಟು ಗಾಳಿ ತುಂಬಿಕೊಳ್ಳುತ್ತದೆ.

ಕೆಲವೊಮ್ಮೆ ತಪ್ಪು ಕೈಯದಲ್ಲ, ಜೋಡಣೆಯದು. ಸೊಂಟದ ಕೊಕ್ಕೆಯನ್ನು ಸಿಕ್ಕಿಸುವ ಹಾರ್ನೆಸ್ಸಿನ ಹಗ್ಗಗಳು ಬೂಮಿನ ಮೇಲೆ ತೀರಾ ಹಿಂದಿದ್ದರೆ ನಮ್ಮ ಮೈಭಾರವೇ ಹಾಯಿಯನ್ನು ಸದಾ ಮುಚ್ಚಿ, ಅಂದರೆ ನಮ್ಮತ್ತ ಎಳೆದು, ಹಿಡಿಯುತ್ತದೆ. ಹಿಂಗೈ ಸಡಿಲಿಸಿದರೂ ಅದು ತೆರೆಯದು. ಎರಡೂ ಕೈಗಳನ್ನು ಒಂದು ಕ್ಷಣ ಬೂಮಿನಿಂದ ಸ್ವಲ್ಪವೇ ಎತ್ತಿ ನೋಡಿ: ಹಾಯಿ ತಾನಾಗಿ ನಿಮ್ಮತ್ತ ಮುಚ್ಚಿಕೊಂಡು ಬಂದರೆ ಹಗ್ಗಗಳನ್ನು ಒಂದೆರಡು ಬೆರಳಗಲ ಮುಂದೆ ಸರಿಸಿ. ಹಾಯಿಯನ್ನು ಕಂಬದ ಬುಡಕ್ಕೆ ಎಳೆದು ಕಟ್ಟುವ ಹಗ್ಗ ಸಡಿಲವಾಗಿದ್ದರೂ ಹೀಗೇ. ಅದನ್ನು ಸಾಕಷ್ಟು ಬಿಗಿದಾಗ ಹಾಯಿಯ ಮೇಲ್ಭಾಗದ ಹಿಂದಿನ ಅಂಚು ಸಡಿಲಗೊಂಡು, ಬೀಸು ಬಂದಾಗ ತಾನೇ ತೆರೆದುಕೊಂಡು ಗಾಳಿಯನ್ನು ಬಿಟ್ಟುಕೊಡುತ್ತದೆ. ಇನ್ನು ಕಳೆಗಿಡ, ಮರಳದಿಬ್ಬಗಳಿರುವ ತೆಳುನೀರು. ಅಲ್ಲಿ ಬೋರ್ಡಿನಡಿಯ ಫಿನ್ನು, ಅಂದರೆ ಮೀನಿನ ರೆಕ್ಕೆಯಂಥ ತುಂಡು, ಸಿಕ್ಕಿಕೊಂಡರೆ ಬೋರ್ಡು ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಅದಕ್ಕೆ ಯಾವ ಕೈಚಳಕವೂ ಇಲ್ಲ, ಆಳ ನೋಡಿಕೊಂಡು ಓಡಿಸಬೇಕು.

ಕಾಲು ಒಮ್ಮೆ ಬೋರ್ಡನ್ನು ಬಿಟ್ಟಿತೆಂದರೆ ಲೆಕ್ಕವೇ ಬೇರೆ. ಆಗ ಬೂಮನ್ನು ಬಿಡಬಾರದು. ಎರಡೂ ಕೈಯಲ್ಲಿ ಹಿಡಿದು, ತೋಳು ಚಾಚಿ, ರಿಗ್ ಜೊತೆಯೇ ಬೀಳಬೇಕು. ಬಿಟ್ಟರೆ ಸೊಂಟದ ಕೊಕ್ಕೆಗೆ ಸಿಕ್ಕಿಕೊಂಡೇ ತಿರುಗಿ, ಮುಖ ಕಂಬಕ್ಕೋ ಬೋರ್ಡಿಗೋ ಬಡಿಯುತ್ತದೆ. ಹಿಡಿದುಕೊಂಡರೆ ನಿಮ್ಮ ತೂಕವೂ ಬೂಮಿನೊಂದಿಗೆ ಇಳಿಯುವುದರಿಂದ ಮೂತಿಗೆ ಏಟು ಒಂದು ಹಿಡಿ ಹೆಚ್ಚೇ ಬೀಳಬಹುದು. ಮೈಗೆ ಒಳ್ಳೆಯದು, ಬೋರ್ಡಿಗೆ ಒಳ್ಳೆಯದು ಎರಡೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಕವಚ ಹಾಕಿಸಿದ್ದು ಏಕೆ ಮತ್ತೆ? ತಲೆಗೂ ಒಂದು ಹೆಲ್ಮೆಟ್ ಇರಲಿ.

ಮೂತಿಯೊಂದೇ ಅಲ್ಲ, ಬೋರ್ಡಿನ ಮೇಲೆಯೇ ಬಿದ್ದರೆ ಹಾರ್ನೆಸ್ಸಿನ ಉಕ್ಕಿನ ಕೊಕ್ಕೆ ಮೇಲ್ಮೈಗೆ ಚುಚ್ಚುತ್ತದೆ, ನೆಗೆದು ಇಳಿಯುವವರ ಹಿಮ್ಮಡಿ ಕಾಲು ತೂರಿಸುವ ಪಟ್ಟಿಗಳ ಬಳಿ ತಗ್ಗು ಮಾಡುತ್ತದೆ. ಕಾಲಿಡುವ ಕಡೆ ಮೆತ್ತೆ ಇರುವ ಬೋರ್ಡಾದರೆ ಅದರ ಚಿಂತೆ ಬೇಡ.

ಏಟಿಗಿಂತ ನೀರು ಕೆಟ್ಟದ್ದು

ಒಡೆದ ಮೂತಿಯಿಂದ ಬೋರ್ಡು ಸಾಯುವುದಿಲ್ಲ, ಅದರೊಳಗೆ ಇಳಿಯುವ ನೀರಿನಿಂದ ಸಾಯುತ್ತದೆ. ಕೂದಲೆಳೆ ಬಿರುಕಿನಲ್ಲಿ ಎಷ್ಟು ನೀರು ಹೋದೀತು ಎಂದು ನಾನೂ ಕೇಳಿದ್ದೆ. ಉತ್ತರ ಬಿಸಿಲಿನಲ್ಲಿದೆ. ಬೋರ್ಡೆಂದರೆ ಗಾಳಿ ತುಂಬಿ ಬಾಯಿ ಕಟ್ಟಿದ ಡಬ್ಬ. ಬಿಸಿಲಿನಲ್ಲಿ ಒಳಗಿನ ಗಾಳಿ 50 ಡಿಗ್ರಿಗೆ ಕಾದು, ಬಿರುಕಿನ ಮೂಲಕ ಹಿಗ್ಗಿ ಹೊರಬರುತ್ತದೆ. ಆಮೇಲೆ ಬೋರ್ಡನ್ನು 20 ಡಿಗ್ರಿಯ ನೀರಿಗೆ ಇಳಿಸುತ್ತೀರಿ. ತಣಿದ ಗಾಳಿ ಶೇಕಡಾ 9ರಷ್ಟು ಕುಗ್ಗಲು ನೋಡುತ್ತದೆ. ಗಟ್ಟಿ ಚಿಪ್ಪು ಕುಗ್ಗದು. ಪೂರ್ತಿ ತಣಿದರೆ ಹುಟ್ಟುವ ಸೆಳೆತ ನೀರನ್ನು ಮುಕ್ಕಾಲು ಮೀಟರಿಗೂ ಎತ್ತರಕ್ಕೆ ಎಳೆಯುವಷ್ಟು. ಬಿರುಕು ಸ್ಟ್ರಾ ಆಗಿಬಿಡುತ್ತದೆ. ಹೋದ ನೀರು ಥರ್ಮೋಕೋಲಿನ ಮಣಿಮಣಿಗಳ ಸಂದಿನಲ್ಲಿ ಹರಡಿಕೊಂಡು ಕೂರುತ್ತದೆ. ಬೋರ್ಡನ್ನು ನೆರಳಿನಲ್ಲಿಡಿ, ನೀರಿಗೆ ಇಳಿಸುವ ಮೊದಲು ಮೇಲೆ ನೀರು ಚಿಮುಕಿಸಿ ತಣಿಸಿ ಎನ್ನುವುದು ಇದಕ್ಕೇ. ಗಾಳಿಗೆಂದು ಬೋರ್ಡಿನ ಮೇಲೆ ತಿರುಪುಮೊಳೆಯೊಂದು ಇದ್ದರೆ, ದಡದಲ್ಲಿ ಅದನ್ನು ಸಡಿಲಿಸಿ, ಇಳಿಯುವ ಮೊದಲು ಬಿಗಿಯಲು ಮರೆಯಬೇಡಿ.

ಬಿದ್ದ ಮೇಲೆ ಪರೀಕ್ಷೆಗೆ ಎರಡು ನಿಮಿಷ ಸಾಕು. ಏಟು ಬಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಅಕ್ಕಪಕ್ಕಕ್ಕಿಂತ ಮೆತ್ತಗಿದ್ದರೆ ಒಳಗೆ ಕುಸಿದಿದೆ. ನಾಣ್ಯದಿಂದ ತಟ್ಟುತ್ತ ಬನ್ನಿ. ಟಣ್ ಎನ್ನುತ್ತಿದ್ದದ್ದು ಒಂದು ಕಡೆ ದೊಬ್ ಎಂದರೆ ಪದರ ಬಿಟ್ಟಿದೆ. ಅನುಮಾನ ಉಳಿದರೆ ಸಾಬೂನು ನೀರು ಸವರಿ ಬೋರ್ಡನ್ನು ಸ್ವಲ್ಪ ಹೊತ್ತು ಬಿಸಿಲಿಗಿಡಿ, ಗಾಳಿ ತಿರುಪು ಬಿಗಿದಿರಲಿ. ಒಳಗಿನ ಗಾಳಿ ಹಿಗ್ಗಿ ಬಿರುಕಿದ್ದಲ್ಲಿ ಗುಳ್ಳೆ ಬರಿಸುತ್ತದೆ. ಗುಳ್ಳೆ ಕಂಡರೆ ಅವತ್ತಿನ ಆಟ ಮುಗಿಯಿತು. ಒರೆಸಿ, ಒಣಗಿಸಿ, ಗಟ್ಟಿ ಅಂಟುಪಟ್ಟಿ ಹಚ್ಚಿ ಮನೆಗೆ ಹೊರಡುವುದೇ ಜಾಣತನ.

ರಿಪೇರಿಯ ವಿವರ ಇಲ್ಲಿ ಬೇಡ, ಒಂದೇ ಮಾತು: ಥರ್ಮೋಕೋಲಿನ ಬೋರ್ಡಿಗೆ ಎಪಾಕ್ಸಿ ಮಾತ್ರ. ದೋಣಿಗೆ, ಟ್ಯಾಂಕಿಗೆ ಬಳಸುವ ಪಾಲಿಯೆಸ್ಟರ್ ರಾಳದಲ್ಲಿ ಸ್ಟೈರೀನ್ ಇರುತ್ತದೆ, ಅದು ಥರ್ಮೋಕೋಲನ್ನು ತಿನ್ನುತ್ತದೆ. ತೂತು ಮುಚ್ಚಲು ಹೋದವರು ಗುಹೆ ಮಾಡಿಕೊಳ್ಳುತ್ತಾರೆ. ಚಿಟಿಕೆಯಲ್ಲಿ ಅಂಟುವ ಗೋಂದೂ, ಅಸಿಟೋನೂ ಹಾಗೆಯೇ.

ಮುಚ್ಚುವ ಮೊದಲು ಒಣಗಬೇಕು, ಮತ್ತು ಒಣಗಿದೆ ಎಂದು ಹೇಳಬೇಕಾದದ್ದು ಕ್ಯಾಲೆಂಡರ್ ಅಲ್ಲ, ತಕ್ಕಡಿ. ನನ್ನ ಬೋರ್ಡಿನ ಉಗುರಗಲದ ಗೆರೆಯ ಸುತ್ತ ಬಣ್ಣ ಉಜ್ಜಿ, ಹರಿದ ನಾರನ್ನು ಕತ್ತರಿಸಿ ತೆಗೆದಾಗ ಅಡಿಯ ಥರ್ಮೋಕೋಲು ಬೂದು ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟರೆ ನೀರು ಒಸರುತ್ತಿತ್ತು. ಮೂತಿ ಕೆಳಗಾಗುವಂತೆ ನೆರಳಿನಲ್ಲಿ ನೇತುಹಾಕಿ, ಕೆಳಗೊಂದು ತಟ್ಟೆ ಇಟ್ಟೆ. ಬೋರ್ಡನ್ನು ಹಿಡಿದುಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲುವುದು, ನನ್ನ ತೂಕ ಕಳೆದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು ಪ್ರತಿ ಭಾನುವಾರದ ಕೆಲಸವಾಯಿತು. ನಾಲ್ಕು ಭಾನುವಾರ ಅಂಕಿ ಇಳಿಯುತ್ತ ಹೋಯಿತು. ಐದನೆಯದೂ ಆರನೆಯದೂ ಒಂದೇ ಬಂದ ಮೇಲೆ ಎಪಾಕ್ಸಿ ಕಲಸಿದೆ.